ದೋಣಿಯ ಅಲ್ಯೂಮಿನಿಯಂಗೆ ಏನು ಮಾಡಿಸೋದು? ಮನೆಯಲ್ಲೇ ಆನೊಡೈಸಿಂಗ್, ಪೌಡರ್ ಕೋಟಿಂಗ್, ಪೇಂಟು, ಇಲ್ಲಾ ಸುಮ್ನೆ ಬಿಡೋದಾ

ಮಳೆ ಹಿಂದೆ ಸರಿದು ಶರಾವತಿ ಹಿನ್ನೀರು ತುಂಬಿ ನಿಂತ ಮೇಲೆ ಸಾಗರದ ನನ್ನ ವರ್ಕ್‌ಶಾಪಿಗೆ ದೋಣಿ ಸಾಮಾನು ಬರಲು ಶುರುವಾಗುತ್ತದೆ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯುವ ಸಾಲು ಹೋಯಿತು. ಹಾಗಂತ ದೋಣಿಯ ಕೆಲಸ ಮುಗಿದಿಲ್ಲ. ಆಚೆ ದಡದ ತೋಟಕ್ಕೆ, ಮೀನಿಗೆ, ಸೊಪ್ಪಿಗೆ ಈಗಲೂ ಅದೇ ಬೇಕು.

ಈ ಸಲ ಒಬ್ಬರು ಗೋಣಿಚೀಲ ತಂದು ಮೇಜಿನ ಮೇಲೆ ಸುರಿದರು. ಹುಟ್ಟು ಕೂರಿಸುವ ಕವೆಯ ಪ್ಲೇಟು ಎರಡು, ಹಗ್ಗ ಸುತ್ತುವ ಕೊಂಬು ನಾಲ್ಕು, ಎಂಜಿನ್ ಕೂರಿಸುವ ದಪ್ಪ ಪ್ಲೇಟು ಒಂದು, ಕೈ ಹಿಡಿಯುವ ಪೈಪು ಆರಡಿ. ಕವೆಯ ಪ್ಲೇಟೆರಡು ಹೊಸವು, ಉಳಿದದ್ದೆಲ್ಲ ಹಳೆಯದು. ಹಳೆಯವಕ್ಕೆ ಬೂಷ್ಟು ಹಿಡಿದಂತೆ ಬಿಳಿ ಪುಡಿ. ಬೋಲ್ಟಿನ ತೂತಿನ ಸುತ್ತ ಗೆದ್ದಲು ತಿಂದಂತೆ ಗುಂಡಿ.

"ಬ್ಯಾಟರಿ ಆಸಿಡ್ಡು, ಬಕೆಟ್ಟು, ಚಾರ್ಜರ್ ಇದ್ರೆ ಮನೆಯಲ್ಲೇ ಆನೊಡೈಸಿಂಗ್ ಆಗತ್ತಂತಲ್ಲ? ಪೌಡರ್ ಕೋಟಿಂಗಿನವರು ಒಂದು ಹೇಳ್ತಾರೆ, ಪೇಂಟ್ ಅಂಗಡಿಯವರು ಇನ್ನೊಂದು ಹೇಳ್ತಾರೆ. ನೀವೇ ಹೇಳಿ."

ಆನೊಡೈಸಿಂಗ್ ಅಂದರೆ ಆಸಿಡ್ಡಿನಲ್ಲಿ ಅದ್ದಿ ಕರೆಂಟು ಹಾಯಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಪೊರೆ ಕಟ್ಟಿಸುವುದು. ಮನೆಯಲ್ಲೂ ಆಗುತ್ತದೆ. ಆದರೆ ಆ ಚೀಲದಲ್ಲಿದ್ದ ಅಷ್ಟಕ್ಕೂ ಅಲ್ಲ. ಇದೇ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಾರೆ. ಹಾಗಾಗಿ ಒಮ್ಮೆ ಕೂತು ಬರೆದಿಡುತ್ತಿದ್ದೇನೆ.

ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ಕೇಳುವುದು ರೇಟು. ನಾನು ಮೊದಲು ಕೇಳುವುದು, ಈ ಭಾಗಕ್ಕೆ ದಿನಾ ಏನು ತಾಗುತ್ತದೆ ಅಂತ. ಬರೀ ಹಿನ್ನೀರಾ? ಸ್ಟೇನ್‌ಲೆಸ್ ಬೋಲ್ಟಾ? ಹಗ್ಗ ಉಜ್ಜುತ್ತದಾ? ದೋಣಿಯಲ್ಲಿ ತೋಟಕ್ಕೆ ಹೊಡೆಯುವ ಔಷಧಿಯ ಡ್ರಮ್ಮು ಸಾಗಿಸುತ್ತೀರಾ? ಹೊನ್ನಾವರದ ಕಡೆ ಇಳಿದು ಅಳಿವೆಯ ಉಪ್ಪುನೀರಿಗೆ ಹೋಗುತ್ತೀರಾ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಎರಡನೆಯದು, ಅದು ಯಾವ ಅಲ್ಯೂಮಿನಿಯಂ ಅನ್ನುವುದು. ಅಂಗಡಿಯವರು ಎಚ್‌ಇ 9, ಎಚ್‌ಇ 30 ಅನ್ನುತ್ತಾರಲ್ಲ, ಅದೇ 6063 ಮತ್ತು 6082 ನಂಬರಿನ ಮಿಶ್ರಲೋಹ. ಇವೆರಡೂ, ಜೊತೆಗೆ 6061, 5052, 5083, ಆನೊಡೈಸಿಂಗಿಗೆ ಚೆನ್ನಾಗಿ ಒಗ್ಗುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಮಾಲು ಬೇರೆ ಜಾತಿ. ಎಲ್‌ಎಂ 6 ಎರಕದಲ್ಲಿ ನೂರಕ್ಕೆ 10ರಿಂದ 13 ಭಾಗ ಸಿಲಿಕಾನೇ ಇರುತ್ತದೆ. ಅದನ್ನು ಆಸಿಡ್ಡಿಗೆ ಹಾಕಿದರೆ ಮಸಿ ಬಳಿದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಾಮ್ರ ಜಾಸ್ತಿ ಇರುವ 2000 ಸರಣಿಯೂ ಕಷ್ಟದ್ದೇ.

ಗೊತ್ತಾಗದಿದ್ದರೆ ಮೂಲೆಯಲ್ಲಿ ಒಂದು ಕಡೆ ಅರದಿಂದ ಉಜ್ಜಿ, ಕಾಸ್ಟಿಕ್ ಸೋಡಾ ನೀರಿನ ಒಂದು ಹನಿ ಬಿಡಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬೆಳ್ಳಗೆ ಉಳಿದರೆ ಒಳ್ಳೆಯ ಮಾಲು. ಕಪ್ಪಾದರೆ ತಾಮ್ರದಂಥದ್ದು ಏನೋ ಬೆರೆತಿದೆ. ಕಂದು ಬೂದಿಯಾದರೆ ಸಿಲಿಕಾನ್. ಇದು ಲ್ಯಾಬಿನ ಪರೀಕ್ಷೆ ಅಲ್ಲ, ಆದರೆ ಒಂದು ಸಂಜೆಯ ಕೆಲಸ ಹಾಳಾಗುವುದನ್ನು ತಪ್ಪಿಸುತ್ತದೆ.

ಇನ್ನುಳಿದದ್ದು ಗಾತ್ರ, ದುಡ್ಡು, ಪುರುಸೊತ್ತು. ಮತ್ತೆ ಒಂದು, ಆಸಿಡ್ ಇಡಲು ಮಕ್ಕಳು, ದನ, ನಾಯಿ ಸುಳಿಯದ ಜಾಗ ಇದೆಯಾ ಅನ್ನುವುದು. ಇಲ್ಲ ಅಂದರೆ ಮುಂದಿನ ಅರ್ಧ ಲೇಖನ ನಿಮಗೆ ಬೇಕಾಗಿಲ್ಲ.

ಸುಮ್ನೆ ಬಿಡೋದು

ಇದನ್ನು ಯಾರೂ ಆಯ್ಕೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಮೊದಲು ಹೇಳುವುದು ಇದನ್ನೇ.

ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣವೇ ತನ್ನ ಮೇಲೆ ತಾನೇ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಸಿಹಿನೀರಿಗೆ ಅದು ಬೇಕಾದಷ್ಟಾಯಿತು. ಲಿಂಗನಮಕ್ಕಿ ಹಿನ್ನೀರೋ, ತುಂಗೆಯೋ, ಭದ್ರೆಯೋ, ಅಲ್ಲಿ ತೇಲುವ ದೋಣಿಯ ಬರಿಯ ತಗಡು ಸುಮಾರು ವರ್ಷ ಬಾಳುತ್ತದೆ. ಹಾಳಾಗುವುದು ನೀರಿನಿಂದಲ್ಲ, ನಾವು ಅದರ ಮೇಲೆ ಇಡುವ ಸಾಮಾನಿನಿಂದ. ಒದ್ದೆ ಗೋಣಿ, ಒದ್ದೆ ಹಲಗೆ ತಿಂಗಳುಗಟ್ಟಲೆ ಒತ್ತಿಕೊಂಡು ಕೂತರೆ ಅದರಡಿ ಗಾಳಿ ಆಡುವುದಿಲ್ಲ. ಪೊರೆ ಮತ್ತೆ ಕಟ್ಟಿಕೊಳ್ಳಲು ಆಗುವುದಿಲ್ಲ. ಅಲ್ಲೇ ಗುಂಡಿ ಬೀಳುತ್ತದೆ.

ಇನ್ನೊಂದು ನಮ್ಮ ಮಲೆನಾಡಿನದೇ ರೋಗ. ಅಡಿಕೆಗೆ ಕೊಳೆ ಬರಬಾರದು ಅಂತ ಬೋರ್ಡೋ ಹೊಡೆಯುತ್ತೇವಲ್ಲ, 100 ಲೀಟರಿಗೆ ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ. ತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕದಡಬಾರದು ಅಂತ ತೋಟದ ಕೆಲಸದವರಿಗೆಲ್ಲ ಗೊತ್ತು. ಕದಡಿದರೆ ತಾಮ್ರ ಕಬ್ಬಿಣಕ್ಕೆ ಅಂಟಿ ಕಬ್ಬಿಣ ಕರಗುತ್ತದೆ. ಅಲ್ಯೂಮಿನಿಯಂ ಮೇಲೆ ಅದು ಇನ್ನೂ ಜೋರು. ಸುಣ್ಣ ಪೊರೆಯನ್ನು ಕರಗಿಸುತ್ತದೆ, ತಾಮ್ರ ಬುಡಕ್ಕೆ ಕೈ ಹಾಕುತ್ತದೆ. ಇಬ್ಬರು ಕಳ್ಳರು ಒಟ್ಟಿಗೆ ಬಂದ ಹಾಗೆ. ಡ್ರಮ್ಮನ್ನು ದೋಣಿಯಲ್ಲಿ ಆಚೆ ದಡಕ್ಕೆ ಒಯ್ಯುವಾಗ ತುಳುಕಿದ್ದನ್ನು ಅವತ್ತೇ ತೊಳೆಯದಿದ್ದರೆ ಮುಂದಿನ ವರ್ಷ ತೂತು ನೋಡಬೇಕಾಗುತ್ತದೆ.

ಹಾಗಾಗಿ ಬರಿಯದಾಗಿ ಬಿಡುವುದು ಅಂದರೆ ಏನೂ ಮಾಡದಿರುವುದಲ್ಲ. ಪುಡಿಯನ್ನು ಪ್ಲಾಸ್ಟಿಕ್ ಉಜ್ಜುಗುಂಜಿನಿಂದ ತೆಗೆಯಿರಿ. ಸ್ಟೀಲ್ ಉಲ್ಲನ್ ಬೇಡ, ಅದರ ಚೂರು ಅಲ್ಲೇ ಕೂತು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟಿನಡಿ ನೈಲಾನ್ ವಾಷರ್, ತೂತಿನೊಳಗೆ ನೈಲಾನ್ ಬುಷ್ ಹಾಕಿ. ಬೋಲ್ಟಿಗೆ ಗ್ರೀಸು ಸವರಿ. ನೂರು ರೂಪಾಯಿ ಒಳಗಿನ ಕೆಲಸ.

ಕೊರತೆ ಒಂದೇ. ಬರಿಯ ಅಲ್ಯೂಮಿನಿಯಂ ಮುಟ್ಟಿದರೆ ಕೈ ಕಪ್ಪು, ಹಗ್ಗ ಕಪ್ಪು, ಬಿಳಿ ಪಂಚೆಯಲ್ಲಿ ಕೂತರೆ ಅದೂ ಕಪ್ಪು.

ಪೇಂಟು

ತೇಪೆ ಹಾಕಲು ಸುಲಭ ಅನ್ನುವುದೇ ಪೇಂಟಿನ ದೊಡ್ಡ ಗುಣ. ಗೀರು ಬಿದ್ದರೆ ಮನೆಯಲ್ಲೇ ಬ್ರಷ್ ಹಿಡಿದು ಮುಗಿಸಬಹುದು. ಸುಣ್ಣ, ತುತ್ತವನ್ನೂ ಒಳ್ಳೆಯ ಇಪಾಕ್ಸಿ ತಡೆಯುತ್ತದೆ. ಆದರೆ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಅಲ್ಯೂಮಿನಿಯಂ ಮೇಲೆ ಕೂರುವುದಿಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಎರಡು ಡಬ್ಬಿ ಬೆರೆಸುವ ಇಪಾಕ್ಸಿ ಪ್ರೈಮರ್ ಬೇಕು. ಮೇಲಿನ ಪೇಂಟನ್ನೂ ಅದೇ ಕಂಪನಿಯದು ತೆಗೆದುಕೊಳ್ಳಿ. ಉಜ್ಜಿದ ಮೇಲೆ ನಾಳೆ ಹೊಡೆದರಾಯಿತು ಅನ್ನಬೇಡಿ, ಅವತ್ತೇ ಹೊಡೆಯಿರಿ.

ಜುಲೈ, ಆಗಸ್ಟ್ ತಿಂಗಳಲ್ಲಿ ಅಂತೂ ಬೇಡವೇ ಬೇಡ. ಗಾಳಿಯ ತೇವ ನೂರಕ್ಕೆ 85 ದಾಟಿದ ದಿನ ಪೇಂಟಿನ ಡಬ್ಬಿ ತೆರೆಯಬಾರದು ಅನ್ನುತ್ತಾರೆ. ಆ ಲೆಕ್ಕದಲ್ಲಿ ಆಗುಂಬೆಯಲ್ಲಿ ಮಳೆಗಾಲ ಪೂರ್ತಿ ಡಬ್ಬಿ ಮುಚ್ಚಿಯೇ ಇರಬೇಕಾಗುತ್ತದೆ, ಅಲ್ವಾ?

ತಳಕ್ಕೆ ಅಂತ ಕೆಲವರು ಸಮುದ್ರದ ಬೋಟಿಗೆ ಬಳಿಯುವ ತಾಮ್ರದ ಪೇಂಟು ತಂದು ಬಳಿಯುತ್ತಾರೆ. ಅಲ್ಯೂಮಿನಿಯಂಗೆ ಅದು ವಿಷ. ಸಿಹಿನೀರಿನಲ್ಲಿ ಕಪ್ಪೆಚಿಪ್ಪಿನ ಹಾಗೆ ಕಚ್ಚುವ ಆ ಕಡಲ ಹುಳುಗಳ ಕಾಟವೂ ಇಲ್ಲ. ದುಡ್ಡು ಕೊಟ್ಟು ರೋಗ ತಂದ ಹಾಗೆ.

ಪೌಡರ್ ಕೋಟಿಂಗ್

ಶಿವಮೊಗ್ಗದಲ್ಲಿ ಗ್ರಿಲ್ಲು, ಕಿಟಕಿಗೆ ಪೌಡರ್ ಕೋಟಿಂಗ್ ಮಾಡಿಸುವುದು ಈಗ ಮಾಮೂಲು. ಪುಡಿ ಸಿಂಪಡಿಸಿ ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸುತ್ತಾರೆ. 60ರಿಂದ 80 ಮೈಕ್ರಾನ್ ದಪ್ಪದ ಚರ್ಮ ಸಿಗುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬಣ್ಣ ಬೇಕಾದ್ದು. ಸುಣ್ಣ, ತುತ್ತಕ್ಕೆ ಜಗ್ಗುವುದಿಲ್ಲ.

ಅಂಗಡಿಯವರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಪುಡಿ ಹಾಕುವ ಮೊದಲು ಅದ್ದಲು ಅಲ್ಯೂಮಿನಿಯಂಗೆ ಅಂತ ಬೇರೆ ತೊಟ್ಟಿ ಇದೆಯಾ? ಕಬ್ಬಿಣಕ್ಕೆ ಮಾಡುವ ಫಾಸ್ಫೇಟಿನಲ್ಲೇ ಇದನ್ನೂ ಅದ್ದಿ ತೆಗೆದರೆ ಮೊದಲ ವರ್ಷ ಚೆಂದ ಕಾಣುತ್ತದೆ. ಆಮೇಲೆ ಗೀರಿನ ಅಂಚಿನಿಂದ ನೀರು ಒಳಗೆ ಹೊಕ್ಕು, ಕೋಟಿಂಗಿನ ಅಡಿ ಎರೆಹುಳು ಹರಿದ ಹಾಗೆ ಗೆರೆ ಮೂಡುತ್ತದೆ. ಎರಕದ ಭಾಗವಾದರೆ ಮೊದಲು ಒಮ್ಮೆ ಬರಿಯದಾಗಿ ಕಾಯಿಸಿ ಆಮೇಲೆ ಪುಡಿ ಹಾಕಲು ಹೇಳಿ. ಇಲ್ಲವಾದರೆ ಒಳಗಿನ ಗಾಳಿ ಹೊರಬಂದು ಸೂಜಿತೂತು ಬೀಳುತ್ತದೆ.

ಉಜ್ಜಾಡುವ ಜಾಗಕ್ಕೆ ಇದು ಸಲ್ಲ. ಹುಟ್ಟು ತಿರುಗುವ ತೂತಿನಲ್ಲಿ ಒಂದು ತಿಂಗಳು ಬಾಳಿದರೆ ಹೆಚ್ಚು. ಅಳತೆ ಬಿಗಿಯಾಗಿರುವ ಕಡೆ ಆ 80 ಮೈಕ್ರಾನ್ ಕಾಟವೇ ಕೊಡುತ್ತದೆ.

ಬೆಂಗಳೂರಿಗೆ ಕಳಿಸೋದು

ಪೀಣ್ಯದಲ್ಲಿ ಆನೊಡೈಸಿಂಗ್ ಮಾಡಿಕೊಡುವವರು ಇದ್ದಾರೆ. ಕೆಲಸ ನಿಮ್ಮ ಬಕೆಟ್ಟಿಗಿಂತ ಖಂಡಿತ ಚೆನ್ನಾಗಿರುತ್ತದೆ. ಇನ್ನೂ ದಪ್ಪ, ಗಟ್ಟಿ ಪೊರೆ ಕಟ್ಟಿಸುವ ಹಾರ್ಡ್ ಆನೊಡೈಸಿಂಗ್ ಬೇಕು ಅಂದರಂತೂ ಬೇರೆ ದಾರಿಯೇ ಇಲ್ಲ. ಅದಕ್ಕೆ ಆಸಿಡ್ಡು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರಬೇಕು, 50 ಮೈಕ್ರಾನ್ ತನಕ ಕಟ್ಟುತ್ತದೆ. ಮನೆಯಲ್ಲಿ ಆಗದ ಮಾತು.

ತೊಂದರೆ ಏನೆಂದರೆ ಸಣ್ಣ ಲಾಟಿಗೂ ಮಿನಿಮಮ್ ಚಾರ್ಜು ಇರುತ್ತದೆ. ಎರಡು ಪ್ಲೇಟಿಗೂ ಅದೇ, ಇಪ್ಪತ್ತಕ್ಕೂ ಅದೇ. ನಾಲ್ಕು ಜನ ದೋಣಿಯವರು ಸೇರಿ ಒಟ್ಟಿಗೆ ಕಳಿಸಿದರೆ ಲೆಕ್ಕ ಕೂಡುತ್ತದೆ. ಪಾರ್ಸೆಲ್ ಜೊತೆ ಚೀಟಿ ಇಡಿ. ಯಾವ ಮಾಲು, ಎಷ್ಟು ಮೈಕ್ರಾನ್, ಬಣ್ಣ ಬೇಡ, ಪೊರೆಯ ಸಣ್ಣ ತೂತು ಮುಚ್ಚುವ ಸೀಲಿಂಗ್ ಬೇಕು, ಎಲ್ಲಿ ನೇತು ಹಾಕಬಹುದು, ಇಷ್ಟೂ ಬರೆಯಿರಿ. ನಾನೊಮ್ಮೆ ಚೀಟಿ ಇಡದೆ ಕಳಿಸಿದ್ದೆ. ಒಳಗೆ ಕಬ್ಬಿಣದ ಬುಷ್ ಒಂದು ಉಳಿದಿತ್ತು. ಅವರೂ ನೋಡಲಿಲ್ಲ, ನಾನೂ ಹೇಳಿರಲಿಲ್ಲ. ವಾಪಸ್ ಬಂದಾಗ ಬುಷ್ ಇದ್ದ ಕಡೆ ಹುಳುಕಲು ಹಲ್ಲಿನಂಥ ತೂತು.

ಅಗ್ಗದ ಅಡ್ಡದಾರಿ ಒಂದಿದೆ. ಕಿಟಕಿ ಮಾಡುವವರ ಹತ್ತಿರ ಮೊದಲೇ ಆನೊಡೈಸ್ ಆಗಿ ಬಂದ ಸೆಕ್ಷನ್ ಸಿಗುತ್ತದೆ. ಅಂಚುಪಟ್ಟಿ, ಸಣ್ಣ ಕೈಹಿಡಿ, ಬೆಂಚಿನ ಕಾಲು ಇಂಥದ್ದಕ್ಕೆಲ್ಲ ಅದರ ತುಂಡೇ ಸಾಕು. ಕೊಯ್ದ ತುದಿ ಮಾತ್ರ ಬರಿಯದಾಗಿರುತ್ತದೆ, ಅದಕ್ಕೊಂದು ಪ್ಲಾಸ್ಟಿಕ್ ಟೊಪ್ಪಿ ಹಾಕಿ.

ಮನೆಯಲ್ಲೇ ಆನೊಡೈಸಿಂಗ್

ಈಗ ಅಸಲು ವಿಷಯಕ್ಕೆ ಬರೋಣ. ಆನೊಡೈಸಿಂಗ್ ಅಂದರೆ ಮೇಲೆ ಬಳಿಯುವ ಲೇಪ ಅಲ್ಲ. ಲೋಹದ ಮೇಲ್ಮೈಯನ್ನೇ ಕರೆಂಟಿನಿಂದ ಆಕ್ಸೈಡ್ ಮಾಡುವುದು. ಪೊರೆ ಒಳಕ್ಕೂ ಬೆಳೆಯುತ್ತದೆ, ಸ್ವಲ್ಪ ಹೊರಕ್ಕೂ ಉಬ್ಬುತ್ತದೆ. ಅದಕ್ಕೇ ಚಕ್ಕೆ ಏಳುವ ಮಾತಿಲ್ಲ. ಇದು ಹುಟ್ಟಿದ್ದೂ ನೀರಿನ ಸಹವಾಸದಿಂದಲೇ. 1923ರಲ್ಲಿ ಇಂಗ್ಲೆಂಡಿನಲ್ಲಿ ಬೆಂಗಫ್ ಮತ್ತು ಸ್ಟುವರ್ಟ್ ಅನ್ನುವವರು ನೀರಿನ ಮೇಲೆ ಇಳಿಯುವ ವಿಮಾನಗಳ ಡ್ಯುರಾಲುಮಿನ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಭಾಗ ತುಕ್ಕು ಹಿಡಿಯದಿರಲಿ ಅಂತ ಕ್ರೋಮಿಕ್ ಆಸಿಡ್ ವಿಧಾನ ತಂದರು. ನಾವು ಬಳಸುವ ಸಲ್ಫ್ಯೂರಿಕ್ ಆಸಿಡ್ ವಿಧಾನ 1927ರದ್ದು. ಕ್ರೋಮಿಕ್ ಅನ್ನು ಮನೆಯಲ್ಲಿ ಯಾರಾದರೂ ಹೇಳಿಕೊಟ್ಟರೂ ಮಾಡಬೇಡಿ, ಕ್ಯಾನ್ಸರ್ ತರುವ ವಸ್ತು ಅದು.

ಸಾಮಾನು ಹೆಚ್ಚೇನಿಲ್ಲ. ಡಿಸ್ಟಿಲ್ಡ್ ನೀರಿಗೆ ಅಷ್ಟೇ ಪ್ರಮಾಣದ ಬ್ಯಾಟರಿ ಆಸಿಡ್ ಬೆರೆಸಿದರೆ ನೂರಕ್ಕೆ ಸುಮಾರು 20 ಭಾಗ ಆಸಿಡ್ ಇರುವ ದ್ರಾವಣ ಆಗುತ್ತದೆ. 15ರಿಂದ 20ರ ನಡುವೆ ಇದ್ದರೆ ಸರಿ. ನೀರಿಗೆ ಆಸಿಡ್ ಹಾಕಬೇಕು, ನಿಧಾನಕ್ಕೆ. ಆಸಿಡ್ಡಿಗೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಮುಚ್ಚುವ ಕನ್ನಡಕ, ಮೊಣಕೈ ತನಕದ ರಬ್ಬರ್ ಗ್ಲೌಸು, ಪಕ್ಕದಲ್ಲಿ ಒಂದು ಕೇಜಿ ಅಡುಗೆ ಸೋಡಾ, ಒಂದು ಕೊಡ ನೀರು. ಇಷ್ಟಿಲ್ಲದೆ ಡಬ್ಬಿಯ ಬಿರಡೆ ತೆಗೆಯಬೇಡಿ. ಆಸಿಡ್ ಕೊಳ್ಳುವಾಗ ಅಂಗಡಿಯವರು ಗುರುತಿನ ಚೀಟಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಆಸಿಡ್ ದಾಳಿಗಳ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಬಿಡಿ ಮಾರಾಟಕ್ಕೆ ರಿಜಿಸ್ಟರು, ಗುರುತಿನ ಚೀಟಿ ಬೇಕು ಅಂದಿದೆ.

ಬೀದಿ ನಲ್ಲಿಯ ನೀರು ಬಾತ್‌ಗೆ, ಅಂದರೆ ಭಾಗ ಅದ್ದುವ ಈ ಆಸಿಡ್ ದ್ರಾವಣಕ್ಕೆ, ಬೇಡ. ಅದರ ಕ್ಲೋರಿನ್ ಪೊರೆಯಲ್ಲಿ ಚುಕ್ಕೆ ಚುಕ್ಕೆ ಗುಂಡಿ ತೆಗೆಯುತ್ತದೆ. ನಮ್ಮಲ್ಲಿ ಮಳೆನೀರು ಧಾರಾಳ ಅಲ್ವಾ, ಮಾಡು ತೊಳೆದು ಹೋದ ಮೇಲೆ ಹಿಡಿದ ಮಳೆನೀರು ಮಧ್ಯೆ ಮಧ್ಯೆ ತೊಳೆಯುವುದಕ್ಕೆ ಚೆನ್ನಾಗಿ ಆಗುತ್ತದೆ.

ಭಾಗವನ್ನು ಪ್ಲಸ್‌ಗೆ ಕಟ್ಟಬೇಕು, ಮೈನಸ್‌ಗೆ ಅಲ್ಯೂಮಿನಿಯಂ ತಗಡೇ ಸಾಕು. ಸೀಸದ ತಗಡು ಹಳೆಯ ರೂಢಿ, ಆದರೆ ಸೀಸದ ಕೆಸರು ಆಮೇಲೆ ತಲೆನೋವು. ಸ್ಟೇನ್‌ಲೆಸ್ ಮಾತ್ರ ಬೇಡ. ನೇತು ಹಾಕುವ ತಂತಿಯೂ ಅಲ್ಯೂಮಿನಿಯಮ್ಮೇ ಆಗಿರಲಿ. ತಾಮ್ರದ ತಂತಿ ಆಸಿಡ್ಡಿನಲ್ಲಿ ಕರಗುತ್ತದೆ. ತಂತಿಯನ್ನು ಬೋಲ್ಟಿನ ತೂತಿಗೆ ಬಿಗಿಯಾಗಿ ಹೆಟ್ಟಿರಬೇಕು. ಪೊರೆ ಕರೆಂಟು ಹಾಯಿಸುವುದಿಲ್ಲ. ಕೆಲಸದ ಮಧ್ಯೆ ತಂತಿ ಸ್ವಲ್ಪ ಅಲುಗಿದರೂ ಅಡಿಯಲ್ಲಿ ಪೊರೆ ಕಟ್ಟಿ ಕನೆಕ್ಷನ್ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

ಕರೆಂಟಿನ ಲೆಕ್ಕ ನೋಡಿ. ಫ್ಯಾಕ್ಟರಿಯಲ್ಲಿ ಚದರಡಿಗೆ 12 ಆಂಪಿಯರ್ ಕೊಡುತ್ತಾರೆ. ಮನೆಯಲ್ಲಿ ಅದರ ಅರ್ಧ, 6 ಆಂಪಿಯರ್ ಸಾಕು. ನಿಧಾನವಾದರೂ ಬಿಸಿ ಕಡಿಮೆ. ಗೋಣಿಚೀಲದ ಕವೆಯ ಪ್ಲೇಟು 6 ಇಂಚು ಉದ್ದ, 4 ಇಂಚು ಅಗಲ. ಎರಡು ಬದಿ ಸೇರಿ 48 ಚದರ ಇಂಚು, ಅಂದರೆ ಒಂದು ಚದರಡಿಯ ಮೂರನೇ ಒಂದು ಪಾಲು. ಎರಡು ಪ್ಲೇಟಿಗೆ ಮೂರನೇ ಎರಡು ಪಾಲು. 6ರಿಂದ ಗುಣಿಸಿದರೆ 4 ಆಂಪಿಯರ್. ಸಮಯಕ್ಕೆ 720ರ ಸೂತ್ರ ಇದೆ. ಒಂದು ಮಿಲ್, ಅಂದರೆ 25 ಮೈಕ್ರಾನ್ ಬೇಕಾದರೆ 720 ಅನ್ನು ಚದರಡಿಯ ಆಂಪಿಯರಿನಿಂದ ಭಾಗಿಸಿ, ಅಷ್ಟು ನಿಮಿಷ. 6 ಆಂಪಿಯರಿಗೆ 120 ನಿಮಿಷ. ಅದರ ಅರ್ಧ ದಪ್ಪ, 12 ಮೈಕ್ರಾನ್ ಸಾಕು ಅಂದರೆ ಒಂದು ಗಂಟೆ. ಹಿನ್ನೀರಿನ ದೋಣಿಗೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಆಸೆಪಟ್ಟು ಮುಂದುವರಿಸಿದರೆ ಒಂದು ಕಡೆ ಕಟ್ಟುತ್ತಿರುವಾಗಲೇ ಇನ್ನೊಂದು ಕಡೆ ಕರಗುತ್ತಿರುತ್ತದೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಬಿಸಿಯಿಂದ. ಬಾತ್ 18ರಿಂದ 22 ಡಿಗ್ರಿಯಲ್ಲಿ ಇರಬೇಕು. 4 ಆಂಪಿಯರ್, 15 ವೋಲ್ಟ್ ಅಂದರೆ 60 ವ್ಯಾಟ್. ಒಂದು ಗಂಟೆಯಲ್ಲಿ 10 ಲೀಟರ್ ದ್ರಾವಣ 5 ಡಿಗ್ರಿ ಏರುತ್ತದೆ. ರಾಸಾಯನಿಕ ಕ್ರಿಯೆಯ ಬಿಸಿ ಬೇರೆ. ನಾಲ್ಕು ಪ್ಲೇಟು ಒಟ್ಟಿಗೆ ಹಾಕಿದರೆ 10 ಡಿಗ್ರಿ. ನಾನು ಮೊದಲ ಸಲ ಮಾಡಿದ್ದು ಮೇ ತಿಂಗಳ ಮಧ್ಯಾಹ್ನ. ಆಸಿಡ್ ಆಗಲೇ 28 ಡಿಗ್ರಿ ಇತ್ತು. ಹೊರಗೆ ತೆಗೆದಾಗ ಮುದ್ದಾದ ಬಿಳಿ ಬಣ್ಣ. ಖುಷಿಯಾಗಿ ಹೆಬ್ಬೆರಳಿಂದ ಒರೆಸಿದೆ. ವಿಭೂತಿಯ ಹಾಗೆ ಅಷ್ಟೂ ಬೆರಳಿಗೆ ಬಂತು.

ಆಮೇಲಿಂದ ಡಿಸೆಂಬರ್, ಜನವರಿ ರಾತ್ರಿಗೇ ಈ ಕೆಲಸ ಇಟ್ಟುಕೊಂಡಿದ್ದೇನೆ. ಒಂದು ಲೀಟರಿನ ಎರಡು ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಹೊರಮೈ ತೊಳೆದು, ಬಾತ್‌ನಲ್ಲಿ ಇಳಿಬಿಡುತ್ತೇನೆ. ಚಳಿ ಒಂದು ಕಡೆ, ಮಂಜುಗಡ್ಡೆ ಒಂದು ಕಡೆ, ಬಿಸಿ ಏರುವುದಿಲ್ಲ. ಗಾಳಿಯಾಡುವ ಕೊಟ್ಟಿಗೆಯ ಮೂಲೆಯಲ್ಲೇ ಮಾಡಬೇಕು. ಮೈನಸ್ ತಗಡಿನಿಂದ ಹೈಡ್ರೋಜನ್ ಗುಳ್ಳೆ ಬರುತ್ತಿರುತ್ತದೆ, ಅದರ ಜೊತೆ ಆಸಿಡ್ ಹನಿಯ ಮಂಜೂ ಏಳುತ್ತದೆ. ಬೀಡಿ ಆಮೇಲೆ.

ನಮ್ಮ ಕಡೆಯ ಇನ್ನೊಂದು ಕಾಟ ಕರೆಂಟು ಹೋಗುವುದು. ಮಧ್ಯದಲ್ಲಿ ಹೋದರೆ ಭಾಗ ಸುಮ್ಮನೆ ಆಸಿಡ್ಡಿನಲ್ಲಿ ಕೂತು ಕಟ್ಟಿದ ಪೊರೆಯನ್ನೇ ಕಳೆದುಕೊಳ್ಳುತ್ತದೆ. ತಕ್ಷಣ ಹೊರಗೆ ತೆಗೆಯಿರಿ. ಮನೆಯ ಇನ್ವರ್ಟರ್ ಬ್ಯಾಟರಿಯಿಂದಲೇ ನೇರ 12 ವೋಲ್ಟ್ ಕೊಟ್ಟರೆ ಈ ಕಾಟ ಇಲ್ಲ, ಆದರೆ ಆಂಪಿಯರ್ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಕೊಟ್ಟು ಭಾಗ ಸುಟ್ಟುಕೊಂಡವರನ್ನು ನೋಡಿದ್ದೇನೆ. ಸ್ವಲ್ಪ ದುಡ್ಡು ಹಾಕುವುದಾದರೆ ವೋಲ್ಟು, ಆಂಪಿಯರ್ ಎರಡನ್ನೂ ತಿರುಗಿಸಿ ಇಡಬಹುದಾದ 30 ವೋಲ್ಟ್, 10 ಆಂಪಿಯರ್ ಪವರ್ ಸಪ್ಲೈ ತೆಗೆದುಕೊಳ್ಳಿ. ಈ ಕೆಲಸದ ಅರ್ಧಕ್ಕಿಂತ ಜಾಸ್ತಿ ಖರ್ಚು ಅದೇ. ಉಳಿದದ್ದೆಲ್ಲ ಸೇರಿ ಒಂದು ಸಾವಿರದ ಆಸುಪಾಸು.

ಬಾತ್‌ಗೆ ಮೊದಲು ಸಾಬೂನಿನಲ್ಲಿ ತಿಕ್ಕಿ, ಬೆಚ್ಚಗಿನ ತೆಳು ಕಾಸ್ಟಿಕ್ ಸೋಡಾದಲ್ಲಿ ಒಂದೆರಡು ನಿಮಿಷ ಅದ್ದಿ, ಚೆನ್ನಾಗಿ ತೊಳೆಯಬೇಕು. ತೊಳೆದ ಮೇಲೆ ನೀರು ಹನಿಗಟ್ಟದೆ ಹಾಳೆಯ ಹಾಗೆ ಹರಡಿ ನಿಂತರೆ ಜಿಡ್ಡು ಹೋಗಿದೆ ಅಂತ ಅರ್ಥ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿದರೆ ಮತ್ತೆ ತಿಕ್ಕಿ. ಅಲ್ಲಿಂದ ಮುಂದೆ ಬರಿಗೈ ತಾಗಿಸಬೇಡಿ.

ಬಾತ್ ಮುಗಿದ ಮೇಲೆ ಸೀಲಿಂಗ್. ಪೊರೆ ಜೇನುಗೂಡಿನ ಹಾಗೆ ತೂತು ತೂತಾಗಿರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಆ ಬಾಯಿ ಮುಚ್ಚುತ್ತದೆ. 96 ಡಿಗ್ರಿಗಿಂತ ಮೇಲಿರಬೇಕು. ನಮ್ಮ ಎತ್ತರದಲ್ಲಿ ನೀರು ಸುಮಾರು 98ಕ್ಕೇ ಕುದಿಯುತ್ತದೆ, ತೊಂದರೆ ಇಲ್ಲ, ಕುದಿ ನಿಲ್ಲದಿದ್ದರೆ ಸರಿ. ಮುಗಿಯಿತಾ ಅಂತ ನೋಡಲು ಕಾಣದ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಟ್ಟು ಒರೆಸಿ. ಅಳಿಸಿ ಹೋದರೆ ಸೀಲ್ ಆಗಿದೆ. ಕಲೆ ಉಳಿದರೆ ಇನ್ನೂ ಕುದಿಸಿ.

ಸೀಲಿಂಗಿಗೆ ಮೊದಲು ಬಣ್ಣ ಅದ್ದಬಹುದು. ದೋಣಿಗೆ ಬೇಡ ಅನ್ನುತ್ತೇನೆ. ಬಟ್ಟೆಯ ಬಣ್ಣ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿಳಚಿಕೊಳ್ಳುತ್ತದೆ.

ಉಳಿದ ಆಸಿಡ್ಡನ್ನು ಗಾಜಿನ ಇಲ್ಲವೇ ದಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೆಸರು ಬರೆದು ಬೀಗ ಹಾಕಿ ಇಡಿ, ಹಲವು ಸಲ ಬರುತ್ತದೆ. ಚೆಲ್ಲುವ ಕಾಲ ಬಂದಾಗ ಹಳ್ಳಕ್ಕೂ ಬೇಡ, ಅಡಿಕೆ ಬುಡಕ್ಕೂ ಬೇಡ. ಮನೆ ಪಕ್ಕದ ಹಳ್ಳ ಕೊನೆಗೆ ಶರಾವತಿಗೋ ತುಂಗೆಗೋ ಸೇರುವಂಥದ್ದು. ನಮ್ಮ ಕೆಂಪುಮಣ್ಣು ಮೊದಲೇ ಹುಳಿ. ಕರಗಿದ ಅಲ್ಯೂಮಿನಿಯಂ ಸೇರಿದರೆ ಬೇರು ಸುಡುತ್ತದೆ. ಜಾಸ್ತಿ ನೀರಿಗೆ ಆಸಿಡ್ಡನ್ನು ನಿಧಾನಕ್ಕೆ ಬೆರೆಸಿ, ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣ, ಆಸಿಡ್ ಸೇರಿ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ. ಲಿಟ್ಮಸ್ ಕಾಗದ ಕೆಂಪಾಗುವುದು ನಿಲ್ಲುವ ತನಕ ಹಾಕಬೇಕು. ಕೆಸರನ್ನು ಒಣಗಿಸಿ ಬೇರೆ ತೆಗೆದಿಡಿ.

ಇಷ್ಟೆಲ್ಲ ಮಾಡಿ ಸಿಗುವುದೇನು? ಕೈ, ಹಗ್ಗ ಕಪ್ಪಾಗದ, ಬೇಗ ಗೀರು ಬೀಳದ, ಚಕ್ಕೆ ಏಳದ ಮೈ. ಸಿಗದಿರುವುದನ್ನೂ ಹೇಳಬೇಕು. ಬೋರ್ಡೋ ಸುಣ್ಣಕ್ಕೆ ಈ ಪೊರೆಯೂ ಕರಗುತ್ತದೆ. ಹುಳಿ, ಕ್ಷಾರ ಎರಡೂ ಹದವಾಗಿರುವ ಕಡೆ ಮಾತ್ರ ಅದರ ಜಂಬ. ಸ್ಟೇನ್‌ಲೆಸ್ ಬೋಲ್ಟಿನ ಪಕ್ಕ ಒಂದು ಗೀರು ಬಿದ್ದರೆ ತುಕ್ಕು ಅಷ್ಟೂ ಆ ಒಂದೇ ಗೀರಿಗೆ ನುಗ್ಗಿ ಆಳಕ್ಕೆ ಇಳಿಯುತ್ತದೆ. ಆನೊಡೈಸ್ ಮಾಡಿದ ಮೇಲೂ ನೈಲಾನ್ ವಾಷರ್ ತಪ್ಪಿದ್ದಲ್ಲ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಐನೂರು ರೂಪಾಯಿ ಮಾತ್ರ ಇದ್ದರೆ ವಾಷರ್, ಬುಷ್, ಗ್ರೀಸಿಗೆ ಹಾಕಿ. ಉಳಿದ ಎಲ್ಲ ಆಯ್ಕೆಗಿಂತ ಹೆಚ್ಚು ಆಯಸ್ಸು ಕೊಡುವುದು ಅದೇ. ಔಷಧಿ ಡ್ರಮ್ಮು ಸಾಗಿಸುವ ದೋಣಿಯಾದರೆ ಪೇಂಟು ಇಲ್ಲವೇ ಪೌಡರ್, ಆನೊಡೈಸಿಂಗ್ ಯೋಚನೆಯೇ ಬೇಡ. ಪ್ರವಾಸಿಗರನ್ನು ಕೂರಿಸುವ ದೋಣಿ, ನೋಡಲೂ ಚೆಂದ ಇರಬೇಕು, ಭಾಗ ಇಪ್ಪತ್ತು ಮೂವತ್ತು ಇದೆ ಅಂದರೆ ಬೆಂಗಳೂರಿಗೆ ಕಳಿಸಿ. ಉಪ್ಪುನೀರಿಗೆ ಇಳಿಯುವವರೂ ಅಷ್ಟೇ, 20 ಮೈಕ್ರಾನಿಗೆ ಕಡಿಮೆ ಒಪ್ಪಬೇಡಿ. ಅಂಗೈಯಗಲದ ಹೊಸ ಭಾಗ, ಗೊತ್ತಿರುವ ಮಾಲು, ಕೈಯಲ್ಲಿ ಕೆಲಸ ಮಾಡುವ ಹುಚ್ಚು, ಚಳಿಗಾಲದ ನಾಲ್ಕು ರಾತ್ರಿ ಪುರುಸೊತ್ತು, ಇವಿಷ್ಟೂ ಇದ್ದರೆ ಮನೆಯಲ್ಲೇ ಮಾಡಿ. ಎರಡು ಪ್ಲೇಟಿಗೋಸ್ಕರ ಪವರ್ ಸಪ್ಲೈ ಕೊಳ್ಳುವುದಾದರೆ ಲೆಕ್ಕ ಕೂಡುವುದಿಲ್ಲ, ಅದು ಹವ್ಯಾಸದ ಖರ್ಚು ಅಂತ ಬರೆದುಕೊಳ್ಳಿ.

ಗೋಣಿಚೀಲದ ಸಾಮಾನಿಗೆ ಕೊನೆಗೆ ಆದದ್ದು ಇದು. ಕೊಂಬು ನಾಲ್ಕೂ ಎರಕದ್ದು, ಕಾಸ್ಟಿಕ್ ಹನಿಗೆ ಕಂದು ಬೂದಿಯಾದವು. ಉಜ್ಜಿ ಬರಿಯದಾಗೇ ಬಿಟ್ಟೆ. ಹಗ್ಗ ಕಪ್ಪಾಗಲಿ ಬಿಡಿ ಅಂದರು. ಎಂಜಿನ್ ಪ್ಲೇಟಿನ ಹತ್ತಿರವೇ ಅವರು ಡ್ರಮ್ಮು ಇಡುವುದು, ಅದು ಶಿವಮೊಗ್ಗಕ್ಕೆ ಪೌಡರ್ ಕೋಟಿಂಗಿಗೆ ಹೋಯಿತು. ಆರಡಿ ಪೈಪನ್ನು ನಿಲ್ಲಿಸಲು ಆರಡಿ ಆಳದ ಆಸಿಡ್ ಬೇಕು. ಪಿವಿಸಿ ಪೈಪಿಗೆ ಮುಚ್ಚಳ ಹಾಕಿ ಆಸಿಡ್ ತುಂಬಿಸಿ ನಿಲ್ಲಿಸೋಣ ಅಂದರು. ಕೊಟ್ಟಿಗೆಯಲ್ಲಿ ಅದು ಮಗುಚುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ ಅಂದೆ. ಸುಮ್ಮನಾದರು. ಪೈಪಿನ ಒಳಮೈಗೆ ಹೇಗೂ ಕರೆಂಟು ಸರಿಯಾಗಿ ಮುಟ್ಟುವುದಿಲ್ಲ.

ಉಳಿದದ್ದು ಹೊಸ ಎಚ್‌ಇ 30 ಕವೆಯ ಪ್ಲೇಟೆರಡು. ಚಳಿ ಬಿದ್ದ ಮೇಲೆ ಒಂದು ರಾತ್ರಿ, 4 ಆಂಪಿಯರ್, ಒಂದು ಗಂಟೆ. ಬೆಳಿಗ್ಗೆ ಅವರು ಬಂದು ಎರಡನ್ನೂ ತಿರುಗಿಸಿ ನೋಡಿದರು. "ಮೊದಲಿದ್ದ ಹಾಗೇ ಇದೆಯಲ್ಲ, ಏನಾಗಿದೆ ಇದಕ್ಕೆ?" ಕರೆಂಟು ಹಾಯ್ದರೆ ಬೀಪ್ ಅನ್ನುವ ಹಾಗೆ ಮೀಟರನ್ನು ಇಟ್ಟು ಎರಡು ಕಡ್ಡಿಯನ್ನೂ ಪ್ಲೇಟಿನ ಮೇಲೆ ಇಡಲು ಕೊಟ್ಟೆ. ಸದ್ದಿಲ್ಲ. ಪಕ್ಕದಲ್ಲಿದ್ದ ಕೊಂಬಿನ ಮೇಲೆ ಇಟ್ಟರು, ಬೀಪ್ ಅಂತು. ಮತ್ತೆ ಪ್ಲೇಟಿನ ಮೇಲೆ ಇಟ್ಟರು, ಮತ್ತೆ ಸದ್ದಿಲ್ಲ. ಚಹಾ ತಣ್ಣಗಾಗುವ ತನಕ ಅದನ್ನೇ ಮಾಡುತ್ತಿದ್ದರು.